ಬನ್ನಿಯ ಮರ ಕಲಿಸುವ ದಾನ



ವಿಜಯದಶಮಿಯ ಸಾಯಂಕಾಲ ಬನ್ನಿಯನ್ನು ಹಂಚಿಕೊಳ್ಳುವ ಪದ್ಧತಿ ನಮ್ಮೆಲ್ಲರಿಗೂ ಚಿರಪರಿಚಿತವಾದದ್ದು. ಧಾರವಾಡ, ವಿಜಯಪುರಗಳ ಕಡೆಯ ಜನ "ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ" ಎಂದು ಹೇಳುತ್ತ ಎಲೆಯನ್ನು ಕೈಯಲ್ಲಿಡುತ್ತಾರೆ. ನಾವು ನೆಲೆಸಿರುವ ಈ ಮುಂಬಯಿಯಲ್ಲಿ ನೆರೆಮನೆಯ ಮರಾಠಿ ಬಾಂಧವರು ಆಪ್ಟೆಯ ಎಲೆಯನ್ನು ಕೊಟ್ಟು "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ" ಎನ್ನುತ್ತಾರೆ. ಭಾಷೆ ಎರಡಾದರೂ ಭಾವ ಒಂದೇ. ಈ ಆಚರಣೆಯಲ್ಲಿ ಒಂದು ವಿಶೇಷವುಂಟು. ಇಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂದು ಬೇರ್ಪಡಿಸಿ ಹೇಳಲಾಗದು. ಕೊಟ್ಟ ಕೈಯೇ ಪಡೆಯುತ್ತದೆ, ಪಡೆದ ಕೈಯೇ ಕೊಡುತ್ತದೆ. ಬ್ಯಾಂಕಿನ ಅಧಿಕಾರಿಯೂ ಹೋಟೆಲಿನಲ್ಲಿ ದುಡಿಯುವ ಹುಡುಗನೂ ಆ ಒಂದು ಕ್ಷಣ ಸಮಾನರು.

ಆದರೆ ಹಬ್ಬದ ಈ ದಿನಗಳಲ್ಲೇ ನಮ್ಮ ಕಟ್ಟಡದ ಯಾವುದೋ ಒಂದು ಮನೆಯಲ್ಲಿ ಒಲೆಯ ಮೇಲೆ ಹೂರಣ ಬೇಯುತ್ತಿರುವುದಿಲ್ಲ. ದುಡಿಯುವವರ ಕೆಲಸ ಹೋಗಿರಬಹುದು. ಕಾಯಿಲೆಗೆ ಕೂಡಿಟ್ಟದ್ದೆಲ್ಲ ಕರಗಿರಬಹುದು. ಅಂಥ ಕುಟುಂಬಕ್ಕೆ ನೆರವಾಗಬೇಕೆಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೇಗೆ ನೆರವಾಗಬೇಕೆಂಬುದೇ ವಿಚಾರಣೀಯವಾದ ವಿಷಯ. ಬನ್ನಿಯ ಮರದೊಂದಿಗೆ ಹೆಣೆದುಕೊಂಡಿರುವ ಎರಡು ಪುರಾತನ ಕಥೆಗಳು ಈ ಪ್ರಶ್ನೆಗೆ ಉತ್ತರವನ್ನು ಹೇಳುತ್ತವೆ.

ಮೊದಲನೆಯದು ರಘು ಮಹಾರಾಜನ ಕಥೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಇದು ಬಂದಿದೆ. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿ ಬರಿಗೈಯಾಗಿದ್ದ ರಘುವಿನ ಬಳಿಗೆ ವರತಂತು ಮುನಿಯ ಶಿಷ್ಯನಾದ ಕೌತ್ಸನು ಬಂದನು. ಚಿನ್ನದ ಪಾತ್ರೆ ಇಲ್ಲದ್ದರಿಂದ ಅರಸನು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದನು. ಅದನ್ನು ಕಂಡೊಡನೆ ಕೌತ್ಸನಿಗೆ ಎಲ್ಲವೂ ತಿಳಿಯಿತು. ತಾನು ಬಂದ ಕಾರಣವನ್ನು ಬಿಚ್ಚಿ ಹೇಳದೆ, ಅರಸನಿಗೆ ಶುಭವನ್ನು ಕೋರಿ, ಬೇರೆಡೆಗೆ ಹೊರಡಲು ಎದ್ದನು. ಆಗ ರಘುವೇ ಅವನನ್ನು ತಡೆದು ಕೇಳಿದನು: ಗುರುವಿಗೆ ಏನನ್ನು, ಎಷ್ಟನ್ನು ಕೊಡಬೇಕಾಗಿದೆ? ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನು ಎಂದು ಕೌತ್ಸನು ಉತ್ತರಿಸಿದನು. ಎರಡು ಮೂರು ದಿನ ನನ್ನ ಅಗ್ನಿಶಾಲೆಯಲ್ಲಿ ತಂಗಿರಬೇಕೆಂದು ರಘು ಬಿನ್ನವಿಸಿ, ಕುಬೇರನಿಂದ ಧನವನ್ನು ತರಲು ಸಿದ್ಧನಾದನು. ಆ ರಾತ್ರಿಯೇ ಕೋಶಗೃಹದಲ್ಲಿ ಹೊನ್ನಿನ ಮಳೆ ಸುರಿಯಿತು. ಆ ಹೊನ್ನು ಬನ್ನಿಯ ಎಲೆಗಳ ಮೇಲೆ ಸುರಿಯಿತೆಂದು ಜನಪದ ಪರಂಪರೆ ಹೇಳುತ್ತದೆ; ನಾವು ಇಂದಿಗೂ ಎಲೆಯನ್ನು ಬಂಗಾರವೆನ್ನುವುದು ಅದಕ್ಕಾಗಿಯೇ.

ಮುಂದಿನ ಸಂಗತಿ ಇನ್ನೂ ಮನೋಹರವಾಗಿದೆ. ಬಂದ ಹೊನ್ನೆಲ್ಲವೂ ನಿನ್ನದೇ ಎಂದನು ರಘು. ಗುರುದಕ್ಷಿಣೆಗೆ ಬೇಕಾದುದಕ್ಕಿಂತ ಒಂದು ಹೊನ್ನೂ ಹೆಚ್ಚು ಬೇಡವೆಂದನು ಕೌತ್ಸ. ಸಾಕೇತದ ಪ್ರಜೆಗಳು ಇಬ್ಬರನ್ನೂ ಸಮಾನವಾಗಿ ಕೊಂಡಾಡಿದರು. ಕೊಟ್ಟವನನ್ನು ಹೊಗಳುವುದು ಲೋಕರೂಢಿ. ಪಡೆದವನನ್ನೂ ಹೊಗಳಿದ ಆ ಊರಿನ ಸಂಸ್ಕಾರ ನಮಗೆ ಬರಬೇಕು.

ನಮ್ಮ ನಾಡಿನ ಶರಣರಲ್ಲಿಯೂ ಇದೇ ನಿಷ್ಠೆಯನ್ನು ಕಾಣುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದಳು. ಬಡವರೆಂದರೆ ಕೈಚಾಚಿದವರು, ಎಷ್ಟು ಕೊಟ್ಟರೂ ಸಾಲದವರು ಎಂಬ ಅಭಿಪ್ರಾಯವುಳ್ಳವರು ಈ ದಂಪತಿಗಳನ್ನು ನೆನೆಯಬೇಕು. ಕಷ್ಟದಲ್ಲಿರುವ ಮನೆಗೂ ತನ್ನದೇ ಆದ ಅಳತೆಯುಂಟು, ಅಭಿಮಾನವುಂಟು.

ಎರಡನೆಯ ಕಥೆ ಪಾಂಡವರದು. ಅಜ್ಞಾತವಾಸಕ್ಕೆ ಹೊರಟ ಅವರು ತಮ್ಮ ಆಯುಧಗಳನ್ನು ವಿರಾಟನಗರದ ಹೊರಗಿನ ಶಮೀವೃಕ್ಷದಲ್ಲಿ, ಎಂದರೆ ಬನ್ನಿಯ ಮರದಲ್ಲಿ, ಬಚ್ಚಿಟ್ಟರು. ಯಾರೂ ಹತ್ತಿರ ಸುಳಿಯದಂತೆ ಮರಕ್ಕೆ ಒಂದು ಶವವನ್ನು ಕಟ್ಟಿ, ಅದು ತಮ್ಮ ತಾಯಿಯದೆಂದು ದಾರಿಯಲ್ಲಿದ್ದ ಗೋವಳರಿಗೆ ಹೇಳಿದರು. ಧರ್ಮರಾಯನು ಕಂಕನಾದನು, ಭೀಮನು ಅಡಿಗೆಯ ವಲಲನಾದನು, ಗಾಂಡೀವಧಾರಿಯಾದ ಅರ್ಜುನನು ಬೃಹನ್ನಳೆಯಾದನು, ಪಟ್ಟದ ರಾಣಿ ದ್ರೌಪದಿ ಸೈರಂಧ್ರಿಯಾದಳು.

ಬಾಂಧವರೇ, ಈ ಮಹಾನಗರದಲ್ಲಿ ಕಷ್ಟಕ್ಕೆ ಸಿಲುಕಿದ ಮಧ್ಯಮ ವರ್ಗದ ಕುಟುಂಬದ ಬಾಳು ಅಜ್ಞಾತವಾಸವೇ ಅಲ್ಲವೇ? ಹಳ್ಳಿಯಲ್ಲಿ ಒಂದು ಮನೆಯ ಒಲೆ ಉರಿಯದಿದ್ದರೆ ಓಣಿಗೆಲ್ಲ ತಿಳಿಯುತ್ತದೆ. ಇಲ್ಲಿ ಗೋಡೆಗೆ ಗೋಡೆ ಹೊಂದಿಕೊಂಡಿದ್ದರೂ ತಿಳಿಯದು. ಕೆಲಸ ಕಳೆದುಕೊಂಡವರು ಎಂದಿನಂತೆ ಬೆಳಗ್ಗೆ ಚೀಲ ಹಿಡಿದು ಲೋಕಲ್ ಗಾಡಿ ಹತ್ತುತ್ತಾರೆ. ಊರಿಗೆ ಫೋನು ಮಾಡಿದಾಗ ಎಲ್ಲ ಕ್ಷೇಮವೆನ್ನುತ್ತಾರೆ. ನವರಾತ್ರಿಯಲ್ಲಿ ಅರಿಸಿನ ಕುಂಕುಮಕ್ಕೆ ಕರೆದರೆ ಆ ಮನೆಯ ಗೃಹಿಣಿ ಮೈ ಸರಿಯಿಲ್ಲವೆನ್ನುತ್ತಾಳೆ. ಹೋದರೆ ತಿರುಗಿ ಕರೆಯಬೇಕಲ್ಲ, ಕರೆದವರ ಉಡಿ ತುಂಬಬೇಕಲ್ಲ ಎಂಬ ಅಳುಕು ಆಕೆಗೆ. ಗೊಂಬೆ ನೋಡಲು ಬಂದ ಆ ಮನೆಯ ಮಗು, ಹೊಸ ಬಟ್ಟೆ ಎಲ್ಲಿ ಎಂದು ಯಾರಾದರೂ ಕೇಳಿದರೆ, ದೀಪಾವಳಿಗೆ ತರುತ್ತಾರೆ ಎನ್ನುತ್ತದೆ. ಆ ಮಗುವಿಗೂ ಅಜ್ಞಾತವಾಸದ ನಿಯಮ ತಿಳಿದಿರುತ್ತದೆ.

ಈ ನಗರ ಇಂಥ ದಸರೆಗಳನ್ನು ಕಂಡಿದೆ. 1982ರ ಜನವರಿ 18ರಂದು ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ವರ್ಷದ ದಸರೆ ಬರುವ ಹೊತ್ತಿಗೆ ಪರೇಲ, ಲಾಲಬಾಗಗಳ ಚಾಳುಗಳಲ್ಲಿ ಸಂಬಳವಿಲ್ಲದೆ ಒಂಬತ್ತು ತಿಂಗಳು ಕಳೆದಿದ್ದವು. 2020ರಲ್ಲಿ ಮಹಾಮಾರಿಯ ಕಾಲದ ದಿಗ್ಬಂಧನದಿಂದ ಹೋಟೆಲುಗಳ ಬಾಗಿಲು ತಿಂಗಳುಗಟ್ಟಲೆ ಮುಚ್ಚಿದಾಗ, ಅಡಿಗೆಯವರು, ಮಾಣಿಗಳು, ಗಲ್ಲೆಯ ಮೇಲೆ ಕೂರುವವರು ಒಟ್ಟಿಗೇ ಕೆಲಸವಿಲ್ಲದವರಾದರು. ಸಾವಿರಾರು ಜನರಿಗೆ ಎಲೆ ಹಾಕಿ ಬಡಿಸಿದ ಕೈಗಳು ಬರಿದಾಗಿದ್ದವು. ಆ ದೊಡ್ಡ ವಿಪತ್ತುಗಳು ಪತ್ರಿಕೆಗಳಲ್ಲಿ ಬಂದವು. ಒಂದೇ ಮನೆಗೆ ಬರುವ ವಿಪತ್ತು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಅದನ್ನು ನೆರೆಯವನೇ ಓದಿಕೊಳ್ಳಬೇಕು.

ಹಾಗಾದರೆ ಬನ್ನಿಯ ಮರವು ಪಾಂಡವರಿಗೆ ಮಾಡಿದ ಉಪಕಾರವೇನು? ಎರಡು. ಒಂದು, ಅವರ ಗುಟ್ಟನ್ನು ಕಾಯಿತು. ಇನ್ನೊಂದು, ಕಾಲ ಬಂದಾಗ ಅವರ ಆಯುಧಗಳನ್ನು ಅವರಿಗೇ ಹಿಂದಿರುಗಿಸಿತು.

ಗುಟ್ಟು ಕಾಯುವುದೆಂದರೇನು? ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ದಾನದ ಬಗೆಯನ್ನು ತಿಳಿಸುವಾಗ ತೈತ್ತಿರೀಯ ಉಪನಿಷತ್ತಿನ ಆಚಾರ್ಯನು ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಹೇಳುತ್ತಾನೆ. ಆ ಲಜ್ಜೆ ಕೊಡುವವನಿಗಿರಬೇಕಾದದ್ದು, ಪಡೆಯುವವನಿಗಲ್ಲ. ನಾವಾದರೋ ಅದನ್ನು ತಲೆಕೆಳಗು ಮಾಡಿದ್ದೇವೆ. ಸಂಘಸಂಸ್ಥೆಗಳು ಹಬ್ಬದ ಸಭೆಯಲ್ಲಿ ಒಂದು ಕುಟುಂಬವನ್ನು ವೇದಿಕೆಗೆ ಕರೆದು, ಧ್ವನಿವರ್ಧಕದಲ್ಲಿ ಹೆಸರನ್ನು ಕೂಗಿ, ಅಕ್ಕಿಯ ಚೀಲವನ್ನು ಕೊಡುವ ಗಳಿಗೆಯಲ್ಲಿ ಭಾವಚಿತ್ರ ತೆಗೆಸುವುದುಂಟು. ಅಕ್ಕಿ ಒಂದು ತಿಂಗಳಲ್ಲಿ ಮುಗಿಯುತ್ತದೆ; ಆ ಚಿತ್ರ ಮಗುವಿನ ಶಾಲೆಯವರೆಗೂ ಹಿಂಬಾಲಿಸುತ್ತದೆ. ನಿಧಿಗೆ ಹಣ ಕೊಟ್ಟವರಿಗೆ ಲೆಕ್ಕ ತೋರಿಸಬೇಡವೇ ಎಂದು ಕೇಳಬಹುದು. ಖಂಡಿತ ತೋರಿಸಬೇಕು. ಬಂದ ಹಣವೆಷ್ಟು, ಎಷ್ಟು ಮನೆಗಳಿಗೆ ಎಷ್ಟು ಸಂದಿತು ಎಂಬುದು ಲೆಕ್ಕಪತ್ರದಲ್ಲಿರಲಿ. ಹೆಸರುಗಳು ಮಾತ್ರ ನಂಬಿಕೆಗೆ ಪಾತ್ರರಾದ ಇಬ್ಬರು ಮೂವರು ಹಿರಿಯರಲ್ಲಿಯೇ ಉಳಿಯಲಿ.

ಮೋಸ ಹೋದರೆ ಎಂಬ ಶಂಕೆಯೂ ಸಹಜವೇ. ಅದೇ ಉಪನಿಷತ್ತು ಅರಿವಿನಿಂದ ಕೊಡಬೇಕೆಂದೂ ಹೇಳಿದೆ. ದೇಶ, ಕಾಲ, ಪಾತ್ರಗಳನ್ನು ಗಮನಿಸಿ, ಪ್ರತಿಫಲವನ್ನು ಬಯಸದೆ ಕೊಟ್ಟದ್ದೇ ಸಾತ್ತ್ವಿಕ ದಾನವೆಂದು ಭಗವದ್ಗೀತೆ ಸಾರಿದೆ. ವಿಚಾರಿಸುವುದು ತಪ್ಪಲ್ಲ. ಆದರೆ ಪೋಲೀಸರಂತೆ ಅಲ್ಲ, ನೆಂಟರಂತೆ ವಿಚಾರಿಸಬೇಕು. ರಘುವೂ ಕೌತ್ಸನನ್ನು ಮೊದಲು ಸತ್ಕರಿಸಿ, ಅವನ ಗುರುವಿನ ಕುಶಲವನ್ನು ಕೇಳಿ, ಅನಂತರವೇ ಅಗತ್ಯವನ್ನು ಕೇಳಿದನು.

ಇನ್ನು ಆಯುಧವನ್ನು ಹಿಂದಿರುಗಿಸುವ ಮಾತು. ಹಬ್ಬದ ದಿನ ಒಂದು ಮನೆಗೆ ಹೋಳಿಗೆಯನ್ನು ಕಳುಹಿಸುವುದು, ಮಗುವಿಗೆ ಬಟ್ಟೆ ತರುವುದು ಸಣ್ಣ ಕೆಲಸವೆಂದು ನಾನು ಹೇಳಲಾರೆ. ಹಸಿವಿನಷ್ಟೇ ಹಬ್ಬದ ಆಸೆಯೂ ನಿಜವಾದದ್ದು. ಆದರೆ ಹನ್ನೊಂದನೆಯ ದಿನ ಬೆಳಗಾದ ಮೇಲೆ ಆ ಮನೆಯ ಮುಂದೆ ನಿಲ್ಲುವುದು ಬಾಡಿಗೆ, ಶಾಲೆಯ ಶುಲ್ಕ, ಔಷಧಿಯ ಚೀಟಿ. ನಾವು ಮಹಾನವಮಿಯಂದು ಆಯುಧಪೂಜೆ ಮಾಡುತ್ತೇವೆ. ಹೊಲಿಗೆಯ ಯಂತ್ರಕ್ಕೆ, ಪುಸ್ತಕಕ್ಕೆ, ಗಾಡಿಗೆ ಹೂವೇರಿಸುತ್ತೇವೆ. ಅಡವಿಟ್ಟ ಹೊಲಿಗೆಯ ಯಂತ್ರವನ್ನು ಬಿಡಿಸಿಕೊಡುವುದೂ ಆಯುಧಪೂಜೆಯೇ. ಓದು ನಿಲ್ಲಿಸಲಿದ್ದ ಹುಡುಗಿಯ ಶುಲ್ಕವನ್ನು ಸದ್ದಿಲ್ಲದೆ ಕಟ್ಟುವುದೂ, ಕೆಲಸ ಕಳೆದುಕೊಂಡವರನ್ನು ಪರಿಚಯದ ಮಾಲೀಕರ ಬಳಿಗೆ ಕರೆದೊಯ್ಯುವುದೂ ಆಯುಧಪೂಜೆಯೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಹಿರಿಯರು ಮಾಡಿದ್ದು ಇದನ್ನೇ. ಅವರು ಹುಡುಗರಿಗೆ ಭಿಕ್ಷೆ ನೀಡಲಿಲ್ಲ, ಆಯುಧವನ್ನು ನೀಡಿದರು. ಅಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಈ ಪುಟಗಳನ್ನು ಓದುತ್ತಿರುವವರಲ್ಲಿಯೂ ಇರಬಹುದು.

ಕಷ್ಟದಲ್ಲಿರುವ ಮನೆಯವರಿಗೂ ಒಂದು ಮಾತನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಆತ್ಮೀಯತೆಯಿಂದ ಕೇಳಿದವರ ಮುಂದೆ ಕೌತ್ಸನು ತನ್ನ ಅಗತ್ಯವನ್ನು ಮರೆಮಾಚಲಿಲ್ಲ. ಅದರಿಂದ ಅವನ ತಪಸ್ಸಿನ ತೇಜಸ್ಸು ಕುಂದಲಿಲ್ಲ. ಪಾಂಡವರು ವಿರಾಟನ ಮನೆಯ ಅನ್ನವನ್ನು ಉಂಡರು. ವರ್ಷದ ಕೊನೆಗೆ ಸುಶರ್ಮನ ಕೈಗೆ ಸಿಕ್ಕ ವಿರಾಟನನ್ನು ಬಿಡಿಸಿದವನು ಭೀಮ. ಕೌರವರು ಅಟ್ಟಿಕೊಂಡು ಹೊರಟ ಗೋವುಗಳನ್ನು, ಬನ್ನಿಯ ಮರದಿಂದ ಇಳಿಸಿದ ಗಾಂಡೀವವನ್ನು ಹಿಡಿದು ಮರಳಿಸಿದವನು ಅರ್ಜುನ. ಇಂದು ಪಡೆಯುವ ಕೈ ನಾಳೆ ಕೊಡುವ ಕೈಯಾಗುತ್ತದೆ. ಇಂದು ಕೊಡುವ ಕೈಗೂ ಪಡೆಯುವ ಕಾಲ ಬರಬಹುದು. ಊರನ್ನು ಬಿಟ್ಟು ಒಂದು ಟ್ರಂಕಿನೊಂದಿಗೆ ಈ ನಗರಕ್ಕೆ ಬಂದಿಳಿದ ನಮ್ಮ ಹಿರಿಯರಲ್ಲಿ, ಯಾರದೋ ಕೋಣೆಯ ಮೂಲೆಯಲ್ಲಿ ಮಲಗದೆ, ಯಾರದೋ ಮನೆಯ ತುತ್ತನ್ನು ಉಣ್ಣದೆ ನೆಲೆ ಕಂಡವರು ಎಷ್ಟು ಮಂದಿ?

ಆದುದರಿಂದ ಈ ನವರಾತ್ರಿಯಲ್ಲಿ ಒಂದು ವ್ರತವನ್ನು ಕೈಗೊಳ್ಳೋಣ. ಗೊಂಬೆ ನೋಡಲು ಬಾರದ ಮನೆ ಯಾವುದು, ಅರಿಸಿನ ಕುಂಕುಮಕ್ಕೆ ತಪ್ಪಿಸಿಕೊಂಡ ಸೋದರಿ ಯಾರು ಎಂದು ಮನಸ್ಸಿನಲ್ಲಿಯೇ ಗುರುತಿಸೋಣ. ವಿಜಯದಶಮಿಯ ಸಾಯಂಕಾಲ ಅವರು ನಮ್ಮಲ್ಲಿಗೆ ಬರಲೆಂದು ಕಾಯದೆ, ನಾವೇ ಬನ್ನಿಯ ಎಲೆಯನ್ನು ಹಿಡಿದು ಅವರ ಬಾಗಿಲಿಗೆ ಹೋಗೋಣ. ಒಳಗೆ ಕುಳಿತು, ಕೊಟ್ಟ ನೀರನ್ನು ಕುಡಿದು, ನಿಧಾನವಾಗಿ ಮಾತನಾಡೋಣ. ಅಲ್ಲಿ ತಿಳಿದದ್ದು ಅಲ್ಲಿಯೇ ಉಳಿಯಲಿ. ಮಾಡಬೇಕಾದದ್ದು ದಸರೆಯ ಮರುದಿನದಿಂದಲೇ ಆರಂಭವಾಗಲಿ. ಹೊರಡುವಾಗ ಅವರು ನಮ್ಮ ಕೈಗೂ ಒಂದು ಎಲೆಯನ್ನು ಕೊಡುತ್ತಾರೆ. ಅದನ್ನು ತಲೆಬಾಗಿ ಸ್ವೀಕರಿಸೋಣ.

ಜಗನ್ಮಾತೆಯಾದ ಶ್ರೀ ಚಾಮುಂಡೇಶ್ವರಿಯು ಕೊಡುವವರಿಗೆ ಲಜ್ಜೆಯನ್ನೂ, ಪಡೆಯುವವರಿಗೆ ಧೈರ್ಯವನ್ನೂ, ಎಲ್ಲರ ಮನೆಗೂ ಅನ್ನವನ್ನೂ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇನೆ.