ಲೇತಿನ ಮುಂದೆ ನೈಯಾಯಿಕ

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿನ ಲೇತ್ ಮಾರುವವನ ದನಿಯಲ್ಲಿ ಇನ್ನೂ ಗತ್ತಿದೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಹೆಸರಿಗೂ ಅದೇ ತೂಕ. ಹಳೇ ಕಬ್ಬಿಣವೇ ಗಟ್ಟಿ ಅನ್ನುವುದು ಒಂದು ಮಾತು. ಹೊಸದರ ಕ್ಯಾಟಲಾಗಿನಲ್ಲಿ ಇರುವುದೂ ಮಾತೇ. ನ್ಯಾಯದರ್ಶನ ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳಲ್ಲಿ ಎರಡೂ ಕೊನೆಯದಕ್ಕೆ ಸೇರಿದವು. ಸಣ್ಣ ವರ್ಕ್‌ಶಾಪ್ ಇಡುವವನು ಹಳತೋ ಹೊಸತೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ತಾನು ಯಾವ ಪ್ರಮಾಣ ನಂಬಿ ದುಡ್ಡು ಸುರಿಯುತ್ತಿದ್ದೇನೆಂದು ನೋಡಿಕೊಳ್ಳಬೇಕು ಎಂಬುದು ನನ್ನ ವಾದ.

ಲೇತಿನ ಬೆಡ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಬರುವ ಜಾಬುಗಳಲ್ಲಿ ಹೆಚ್ಚಿನವು ಗಿಡ್ಡ. ಹಾಗಾಗಿ ಕ್ಯಾರೇಜ್ ಓಡಾಡುವುದು ಚಕ್ಕಿನ ಆಸುಪಾಸಿನಲ್ಲೇ. ಟೇಲ್‌ಸ್ಟಾಕ್ ಕಡೆಯ ಬೆಡ್ ಹೆಚ್ಚುಕಡಿಮೆ ಬಂದ ಹಾಗೇ ಇರುತ್ತದೆ. ಚಕ್ಕಿನ ಬಳಿ ಕ್ಯಾರೇಜ್ ನಿಲ್ಲಿಸಿ, ಲಾಕ್ ಸ್ಕ್ರೂವನ್ನು ತುಸುವೇ ಬಿಗಿ ಮಾಡಿ, ಹ್ಯಾಂಡ್‌ವೀಲ್ ತಿರುಗಿಸುತ್ತ ಆ ತುದಿಗೆ ಒಯ್ಯಿರಿ. ಹೋಗುತ್ತ ಹೋಗುತ್ತ ಕೈಗೆ ಬಿಗಿಯಾದರೆ ಚಕ್ಕಿನ ಕಡೆ ಬೆಡ್ ತಿಂದುಹೋಗಿದೆ. ತಗ್ಗು ಕಣ್ಣಿಗೆ ಕಾಣದು, ಬಿಗಿತದಿಂದ ತಿಳಿಯಿತು: ಇದು ಅನುಮಾನ. ಸರಳೊಂದನ್ನು ಹಿಡಿಸಿ, ತೆಳ್ಳಗೆ ಕಟ್ ಕೊಟ್ಟು, ಎರಡೂ ಕಡೆಯ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ನೋಡಿದರೆ ಪ್ರತ್ಯಕ್ಷ. ಹೊಸ ಲೇತಿಗೂ ಇದರಿಂದ ರಿಯಾಯಿತಿ ಇಲ್ಲ. ಬೆಡ್ ಹಾರ್ಡನ್ ಆಗಿದ್ದರೆ ಸವಕಳಿ ನಿಧಾನ, ಸರಿ. ಹೆಡ್‌ಸ್ಟಾಕ್ ನೆಟ್ಟಗೆ ಕೂತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಎಲ್ಲವನ್ನೂ ಅಳೆಯಲಾದೀತೇ, ಬೇರಿಂಗ್ ಇನ್ನೆಷ್ಟು ವರ್ಷ ಬಾಳುತ್ತದೆಂದು ಯಾವ ಡಯಲ್ ಹೇಳೀತು, ಕೊನೆಗೆ ಯಾರದೋ ಮಾತು ನಂಬಲೇಬೇಕಲ್ಲ ಎಂದು ಕೇಳಬಹುದು. ನಂಬಬೇಕು. ನೈಯಾಯಿಕರೂ ಶಬ್ದವನ್ನು ತಳ್ಳಿಹಾಕಲಿಲ್ಲ, ಯಾರ ಶಬ್ದ ಎಂದು ವಿಚಾರಿಸಿದರು. ವಿಷಯವನ್ನು ತಾನೇ ಕಂಡು, ಕಂಡಂತೆ ಹೇಳಬಯಸುವವನು ಆಪ್ತ. ಈ ಲಕ್ಷಣ ಋಷಿ, ಆರ್ಯ, ಮ್ಲೇಚ್ಛ ಮೂವರಿಗೂ ಒಂದೇ ಎಂದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ (ಕಾಮಸೂತ್ರದವನೆಂದು ಯಾರೂ ಗಾಬರಿಯಾಗಬೇಕಿಲ್ಲ). ಹಾಗೆ ನೋಡಿದರೆ ಆ ಮೆಷಿನ್ನಿನ ಮೇಲೆ ವರ್ಷಗಟ್ಟಲೆ ನಿಂತ ಟರ್ನರ್ ಆಪ್ತ; ಗುಜರಿಯಿಂದ ಎತ್ತಿ ಹಸಿರು ಬಣ್ಣ ಹೊಡೆದ ದಲ್ಲಾಳಿ ಅಲ್ಲ. ಅದೇ ಮೆಷಿನ್ನಿನ ನಂಬರು ಹಾಕಿ, ಅಳೆದವನೇ ಸಹಿ ಮಾಡಿದ ಟೆಸ್ಟ್ ಚಾರ್ಟ್‌ಗೆ ಇರುವ ಬೆಲೆ ಕ್ಯಾಟಲಾಗಿಗಿಲ್ಲ. ಇನ್ನು, ಆಯುಧಪೂಜೆಗೆ ಕುಂಕುಮ ಹಚ್ಚುವ ಯಂತ್ರವನ್ನು ಹೀಗೆ ಕಟಕಟೆ ಹತ್ತಿಸುವುದು ಅಶ್ರದ್ಧೆ ಅನ್ನುವವರಿದ್ದಾರೆ. ಪೂಜೆಗೆ ಮುಂಚೆ ಚೂರು ಬಳಿದು, ಬೆಡ್ ಒರೆಸಿ, ಎಣ್ಣೆ ಸವರುತ್ತಾರಲ್ಲ, ಸವಕಳಿಯ ಅಂಚು ಬೆರಳಿಗೆ ತಗಲುವುದು ಆಗಲೇ. ಶ್ರದ್ಧೆಗೂ ಪರೀಕ್ಷೆಗೂ ನಾನು ಜಗಳ ಕಾಣೆ.

ಹೀಗೆ ನೋಡಿದಾಗ, ಥ್ರೆಡ್ಡಿಂಗ್ ಕೆಲಸವೇ ಹೆಚ್ಚಿರುವವನು ಚೇಂಜ್ ಗೇರುಗಳ ಪೂರ್ತಿ ಸೆಟ್ ಇಲ್ಲದ ಹಳೇ ಲೇತಿನ ತಂಟೆಗೆ ಹೋಗದಿರುವುದು ಮೇಲು. ಕಿರ್ಲೋಸ್ಕರ್ ಲೇತಾದರೆ ಗೇರು ಕೇಳಲು ಆ ಕಾರ್ಖಾನೆಯೇ ಇಲ್ಲ. ಬುಷ್ಷು, ಪಿನ್ನು ಮಾಡಿಕೊಡುವ ರಿಪೇರಿ ಅಂಗಡಿಗೆ ಪರೀಕ್ಷೆಯಲ್ಲಿ ನಿಂತ ಹಳೇ ಲೇತೇ ಧಾರಾಳ. ಉಳಿದ ದುಡ್ಡಿಗೆ ಒಳ್ಳೇ ಚಕ್ ಬರುತ್ತದೆ.