ಮಿತಿಯಿಲ್ಲವೆಂದ ಮಾತು

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಮಾತು ಕೊಟ್ಟವನು ಊಹಿಸಿದ್ದಕ್ಕಿಂತ ಹೆಚ್ಚಾಗಿ ಅದನ್ನು ಪಡೆದವನು ಬಳಸಿಕೊಂಡರೆ ತಪ್ಪು ಯಾರದು? ಅಮೆರಿಕದಲ್ಲಿ ನಡೆದ ಒಂದು ವ್ಯಾಜ್ಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 2,50,000 ಡಾಲರಿಗೆ ಒಂದು ಆಜೀವ ಪಾಸನ್ನು ಮಾರಾಟಕ್ಕಿಟ್ಟಿತು. ಅದನ್ನು ಕೊಂಡವನು ಬದುಕಿರುವವರೆಗೂ, ಎಷ್ಟು ಸಲ ಬೇಕಾದರೂ, ಮೊದಲ ದರ್ಜೆಯಲ್ಲಿ ಪ್ರಯಾಣ ಮಾಡಬಹುದಿತ್ತು. ಇನ್ನೂ 1,50,000 ಡಾಲರ್ ತೆತ್ತರೆ ಜೊತೆಗಾರನೊಬ್ಬನನ್ನೂ ಕರೆದೊಯ್ಯಬಹುದಿತ್ತು. ಆಗ ಅಲ್ಲಿ ಬಡ್ಡಿಯ ದರ ವಿಪರೀತವಾಗಿ ಏರಿತ್ತು. ಸಾಲ ಎತ್ತುವ ಬದಲು ಪ್ರಯಾಣಿಕರಿಂದಲೇ ಮುಂಗಡ ಹಣ ಪಡೆಯುವುದು ಸಂಸ್ಥೆಗೆ ಲಾಭದಾಯಕವಾಗಿ ತೋರಿತು. ಆದರೆ ಕೊಂಡವರಲ್ಲಿ ಕೆಲವರು ನಾವು ಪಕ್ಕದ ಊರಿನ ಸಂತೆಗೆ ಬಸ್ಸು ಹತ್ತುವಷ್ಟು ಸಲೀಸಾಗಿ ವಿಮಾನ ಹತ್ತತೊಡಗಿದರು. ಸಂಸ್ಥೆಯು ಬೆಲೆಯನ್ನು ಏರಿಸುತ್ತ ಹೋಗಿ, 1994ರಲ್ಲಿ ಮಾರಾಟವನ್ನೇ ನಿಲ್ಲಿಸಿತು. ಮುಂದೆ 2007ರ ಸುಮಾರಿಗೆ ಲೆಕ್ಕ ತೆಗೆದಾಗ, ಇಬ್ಬರು ಪ್ರಯಾಣಿಕರಿಂದ ತಲಾ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮೀರಿದ ಹೊರೆ ಬೀಳುತ್ತಿದೆಯೆಂದು ಅದಕ್ಕೆ ಕಂಡಿತು. 2008ರಲ್ಲಿ ಆ ಇಬ್ಬರ ಪಾಸುಗಳೂ ರದ್ದಾದವು. ಒಬ್ಬರು ಸುಳ್ಳು ಹೆಸರಿನಲ್ಲಿ ಆಸನ ಕಾದಿರಿಸಿದರೆಂದೂ, ಇನ್ನೊಬ್ಬರು ಜೊತೆಗಾರನ ಆಸನಕ್ಕೆ ಹಣ ಪಡೆದರೆಂದೂ ಆರೋಪ ಬಂತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು.

ಮೊದಲು ಹೆಚ್ಚು ಬಳಕೆಯ ಮಾತನ್ನು ನೋಡೋಣ. ಪಾಸು ಕೊಂಡ ಮರುತಿಂಗಳೇ ಒಬ್ಬನು ತೀರಿಕೊಂಡಿದ್ದರೆ ಸಂಸ್ಥೆಯು ಉಳಿದ ಹಣವನ್ನು ಅವನ ಮನೆಯವರಿಗೆ ಮರಳಿಸುತ್ತಿತ್ತೇ? ಇಲ್ಲ. ಕಡಿಮೆ ಬಳಸಿದವನಿಂದ ಬಂದ ಲಾಭ ತನ್ನದು, ಹೆಚ್ಚು ಬಳಸಿದವನಿಂದಾದ ನಷ್ಟ ಮಾತ್ರ ಅನ್ಯಾಯ ಎಂದರೆ ಅದು ನ್ಯಾಯದ ತಕ್ಕಡಿಯಲ್ಲ. ಅಂದಾಜು ತಪ್ಪಿದ್ದು ಮಾರಿದವನದು. ನಮ್ಮ ಹಳೆಯ ದಾನಶಾಸನಗಳು ಚಂದ್ರಸೂರ್ಯರಿರುವವರೆಗೆ ಎಂದು ಬರೆಸಿದವು. ದತ್ತಿಯನ್ನು ಕಸಿದವನಿಗೆ ಶಾಪವನ್ನೂ ಬರೆಸಿದವು. ಕೊಟ್ಟವನಿಗೇ ಮುಂದೆ ಮನಸ್ಸು ಬದಲಾದೀತೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಆದರೆ ಇದರಿಂದ ಪಡೆದವನು ಮಾಡಿದ್ದೆಲ್ಲವೂ ಸರಿಯೆಂದಾಗದು. ಊಟದ ಹೋಟೆಲಿನಲ್ಲಿ ಅನ್ನಕ್ಕೂ ಸಾರಿಗೂ ಮಿತಿಯಿಲ್ಲವೆಂಬ ಫಲಕವಿರುತ್ತದೆ. ಹಸಿದವನು ಐದು ಬಾರಿ ಬಡಿಸಿಕೊಂಡರೆ ಮಾಲೀಕನು ಮುಖ ಸಿಂಡರಿಸಬಾರದು. ಆದರೆ ಅದೇ ಎಲೆಯಿಂದ ಮನೆಮಂದಿಗೆಲ್ಲ ಬುತ್ತಿ ಕಟ್ಟಿಕೊಂಡು ಹೊರಟರೆ ಅದು ಊಟವಲ್ಲ. ಮಿತಿಯಿಲ್ಲವೆಂಬುದು ಪ್ರಮಾಣಕ್ಕೆ ಸಂಬಂಧಿಸಿದ ಮಾತು. ಸುಳ್ಳಿಗೆ ಅದು ಪರವಾನಗಿಯಲ್ಲ. ಇಲ್ಲದ ಮನುಷ್ಯನ ಹೆಸರಿನಲ್ಲಿ ಆಸನ ಹಿಡಿಯುವುದಕ್ಕೂ ತಾನು ಸಾವಿರ ಸಲ ಹಾರುವುದಕ್ಕೂ ಅಂತರವುಂಟು.

ಹಾಗಾದರೆ ಸಂಸ್ಥೆಯು ನಡೆದುಕೊಂಡದ್ದು ಸರಿಯೇ? ಇಲ್ಲಿ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಆಸನ ಕಾದಿರಿಸಿಕೊಟ್ಟವರು ಸಂಸ್ಥೆಯ ಸಿಬ್ಬಂದಿಯೇ. ಇದೆಲ್ಲ ಅವರಿಗೆ ತಿಳಿದೇ ಇತ್ತೆಂದು ಒಬ್ಬ ಪ್ರಯಾಣಿಕರು ವಾದಿಸಿದರು. ತಾನು ಪಾಸು ಕೊಂಡಾಗ ಆಸನ ಮಾರಬಾರದೆಂಬ ನಿಯಮವೇ ಒಪ್ಪಂದದಲ್ಲಿರಲಿಲ್ಲವೆಂಬುದು ಇನ್ನೊಬ್ಬರ ವಾದ. ಹೊರೆ ಎನಿಸುವವರೆಗೆ ಕಣ್ಣು ಮುಚ್ಚಿಕೊಂಡಿದ್ದು, ಹೊರೆ ಎನಿಸಿದ ಮೇಲೆ ಭೂತಗನ್ನಡಿ ಹಿಡಿದು ತಪ್ಪು ಹುಡುಕಿದರೆ, ಸಿಕ್ಕ ತಪ್ಪು ನಿಜವೇ ಆಗಿದ್ದರೂ ಹುಡುಕಿದ ಮನಸ್ಸು ಶುದ್ಧವಲ್ಲ. ತಪ್ಪಿಗೆ ಮೊದಲು ಎಚ್ಚರಿಕೆ, ಆಮೇಲೆ ತಕ್ಕ ದಂಡ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ನ್ಯಾಯ. ಎಚ್ಚರಿಸದೆ ಜೀವಮಾನದ ಹಕ್ಕನ್ನೇ ಕಿತ್ತುಕೊಳ್ಳುವುದು ದಂಡವಲ್ಲ, ಸಾಲಗಾರನು ಸಾಲಪತ್ರವನ್ನು ಹರಿದಂತೆ.

ಈ ದೂರದ ಶ್ರೀಮಂತರ ಜಗಳ ಗಡಿಯಾಚೆಯ ಕನ್ನಡಿಗರಾದ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಕೈಯಲ್ಲೂ ಒಂದು ಮಾತಿನ ಪತ್ರವಿದೆ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ದೊರಕಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಇಂತಹ ಮಾತು ಯಾರೂ ಬಳಸದಿರುವಾಗ ಎಲ್ಲರಿಗೂ ಪ್ರಿಯ. ಪೂರ್ತಿಯಾಗಿ ಬಳಸಲು ಹೊರಟಾಗ ಅದು ಹೊರೆಯೆಂದು ಕಾಣುತ್ತದೆ. ಶಿಕ್ಷಕರನ್ನು ಕೇಳುವುದು, ಪಠ್ಯಪುಸ್ತಕ ಕೇಳುವುದು, ತರಗತಿ ಕೇಳುವುದು ಅತಿಯಾಸೆಯಲ್ಲ. ಕೇಳಲು ನಾವು ಸಂಕೋಚಪಡಬೇಕಿಲ್ಲ.

ಆದರೆ ತರಗತಿ ಉಳಿಸುವ ಆತುರದಲ್ಲಿ ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳ ಹೆಸರು ಬರೆಯುವುದು, ವಿಮಾನದಲ್ಲಿ ಇಲ್ಲದವನ ಹೆಸರಿಗೆ ಆಸನ ಹಿಡಿದಂತೆಯೇ. ಮಾತಿನಿಂದ ನುಣುಚಿಕೊಳ್ಳಲು ಕಾರಣ ಹುಡುಕುತ್ತಿರುವವರ ಕೈಗೆ ನಾವೇ ಕಾರಣ ಕೊಟ್ಟಂತಾಗುತ್ತದೆ. ಹತ್ತು ಸುಳ್ಳು ಹೆಸರುಗಳು ಐದು ನಿಜವಾದ ಮಕ್ಕಳ ಹಕ್ಕನ್ನು ನುಂಗಬಲ್ಲವು. ಆದುದರಿಂದ ನಮ್ಮ ಮಕ್ಕಳನ್ನು, ಮೊಮ್ಮಕ್ಕಳನ್ನು ಕನ್ನಡ ತರಗತಿಗೆ ನಿಜವಾಗಿಯೇ ಸೇರಿಸೋಣ. ಆಮೇಲೆ ನಮಗೆ ಸಲ್ಲಬೇಕಾದುದನ್ನು ಪೂರ್ತಿಯಾಗಿ ಕೇಳೋಣ.