ಕೆರೆಯ ಕೋಡಿ



ಮನೆಯಿದೆ, ಹೊಲವಿದೆ, ಮಕ್ಕಳು ಒಂದು ನೆಲೆ ಕಂಡಿದ್ದಾರೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲವೆಂದು ಹೇಳಿಕೊಳ್ಳುವ ಗೃಹಸ್ಥರು ನಮ್ಮಲ್ಲಿ ಅನೇಕರು. ಇದರ ಕಾರಣವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಯಾವ ಊರಿನಲ್ಲಾದರೂ ಕೆರೆಯ ಏರಿಯ ಮೇಲೆ ನಿಂತು ನೋಡಿರಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಸೇರತಕ್ಕದ್ದು. ಎಲ್ಲವೂ ತನಗೇ ಇರಲೆಂದು ಕೋಡಿಯನ್ನು ಮುಚ್ಚಿದರೆ ಏರಿಯೇ ಒಡೆದುಹೋಗುವುದು. ಸುಖವನ್ನು ಮನೆಯೊಳಗೇ ಕಟ್ಟಿಡಹೊರಟವನ ಪಾಡೂ ಇದೇ.

ಹಾಗಾದರೆ ಪರೋಪಕಾರ ಮಾಡಿದ ಮಾತ್ರಕ್ಕೆ ಸುಖ ಬಂದೀತೇ? ಇಲ್ಲೊಂದು ತೊಡಕುಂಟು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು. ಅಂಥವರನ್ನೂ ಅಲ್ಲಮಪ್ರಭುದೇವರು ಬರಿಯ ಮಣ್ಣು ಹೊರುವವನೆಂಬಂತೆ ಹೀಗಳೆದು ಕೆಣಕಿದರೆಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಭುಗಳಿಗೆ ಕೆರೆಯ ಮೇಲೆ ಹಗೆಯೇನೂ ಇರಲಿಲ್ಲ. ‘ನಾನು ಕಟ್ಟಿಸಿದೆ’ ಎಂಬ ಎಣಿಕೆಯನ್ನು ಅವರು ಕೆಡಹಬೇಕಾಗಿತ್ತು. ಸಿದ್ಧರಾಮರಿಗೆ ಕೋಪ ಬಂದಿತು. ಆ ಕೋಪವೇ ಒಳಗೆ ತುಂಬಿದ್ದ ಹೂಳನ್ನು ತೋರಿಸಿತು. ಅನಂತರವೇ ಅವರು ಕಲ್ಯಾಣದ ಶರಣರನ್ನು ಕೂಡಿಕೊಂಡುದು. ದಾನ ಮಾಡಿ, ಕಲ್ಲಿನ ಮೇಲೆ ನಮ್ಮ ಹೆಸರಿನ ಅಕ್ಷರ ಚಿಕ್ಕದಾಯಿತೆಂದು ಮುನಿಸಿಕೊಳ್ಳುವ ನಾವು ಈ ಪ್ರಸಂಗವನ್ನು ಮತ್ತೆ ಮತ್ತೆ ಓದಬೇಕು. ದಾನದಲ್ಲಿ ‘ಕೊಟ್ಟವನು’ ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ.

ಮತ ಬೇರೆಯಾದರೂ ನಮ್ಮ ಸೀಮೆಯವರೇ ಆದ ಡಿ. ವಿ. ಗುಂಡಪ್ಪನವರನ್ನು ಇಲ್ಲಿ ನೆನೆಯುವುದು ಉಚಿತ. ಅವರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು; 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ಅಭಿಮಾನಿಗಳು ಸನ್ಮಾನಿಸಿ ನಿಧಿಯನ್ನು ಅರ್ಪಿಸಿದಾಗ, ಅಷ್ಟನ್ನೂ ಆ ಸಂಸ್ಥೆಗೇ ಒಪ್ಪಿಸಿಬಿಟ್ಟರು. ಸಿರಿವಂತರೇನೂ ಅಲ್ಲ, ವಯಸ್ಸು ಎಂಬತ್ತನ್ನು ದಾಟಿತ್ತು. ಬಂದದ್ದು ಬಂದಂತೆಯೇ ಕೋಡಿ ಹರಿದುಹೋಯಿತು. ಅವರ ಮಾತಿನಲ್ಲಿದ್ದ ನಗೆ ಕಡೆಯವರೆಗೂ ಬತ್ತಲಿಲ್ಲ.

2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆದರೆ ಕಾಲುವೆಯಲ್ಲಿ ಹೂಳು ತುಂಬಿ ಜಾಲಿ ಬೆಳೆದಿದ್ದರೆ ಬಂದ ನೀರು ಮುಂದಕ್ಕೆ ಸಾಗೀತೇ? ಹಾರೆ ಗುದ್ದಲಿ ಹಿಡಿದು ಹೊರಡಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ನಿಮ್ಮ ಹೊಲದ ಅಂಚಿಗೇ ಕೆಲಸ ನಿಲ್ಲಿಸದೆ, ಕೆಳಗಿನ ಊರಿನ ಎಲ್ಲೆಯವರೆಗೂ ಹೂಳು ತೆಗೆಯಿರಿ.